ಮೈಸೂರಿನಿಂದ ಕೊಡಗಿಗೆ ಬಸ್ಸಿನಲ್ಲಿ: ನನ್ನ ಓಟು ವಿರಾಜಪೇಟೆಗೆ

ಮೈಸೂರಿನವರು ಕೊಡಗಿಗೆ ಹೋಗಿದ್ವಿ ಅಂದರೆ ಮಡಿಕೇರಿಗೆ ಹೋಗಿದ್ವಿ ಅಂತಲೇ ಲೆಕ್ಕ. ರಾಜಾಸೀಟ್, ಅಬ್ಬಿ ಜಲಪಾತ, ದುಬಾರೆ, ಒಂದು ಡಬ್ಬ ಚಾಕಲೇಟು. ಮುಗೀತು. ನನಗೂ ನನ್ನ ನಾದಿನಿಗೂ ಕಾರಿಲ್ಲ. ಕೊಡಗಿಗೆ ರೈಲೇ ಇಲ್ಲ. ಸಬರ್ಬ್ ಬಸ್ ಸ್ಟ್ಯಾಂಡಿನ ಕೆಂಪು ಬಸ್ಸೇ ನಮಗೆ ಗತಿ. 2023ರ ಜೂನ್‌ನಿಂದ ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಬೇರೆ ಫ್ರೀ. ಹಾಗಾಗಿ ಸಿಕ್ಕ ಊರಲ್ಲಿ ಇಳಿದು ಸುಮ್ನೆ ಸುತ್ತುವ ಚಟ ಹತ್ತಿದೆ. ಅಲ್ಲಿನ ಪೇಟೆಗಳ ಬಗ್ಗೆ ನಮ್ಮ ತೀರ್ಪು ಇಲ್ಲಿದೆ.

ಕುಶಾಲನಗರ ಮೊದಲು ಸಿಗುತ್ತದೆ. ಕಾವೇರಿ ದಡದ ಊರು, ಊಟ ತಿಂಡಿಗೆ ತೊಂದರೆ ಇಲ್ಲ. ಆದರೆ ಬೆಟ್ಟದ ಊರು ಅಂತ ಅನ್ನಿಸುವುದೇ ಇಲ್ಲ. ಜನ ಇಲ್ಲಿಗೆ ಬಂದು ನೋಡುವ ಬೈಲಕುಪ್ಪೆಯ ಚಿನ್ನದ ಬಣ್ಣದ ಬುದ್ಧ ಕೂತಿರುವುದು ನಮ್ಮ ಮೈಸೂರು ಜಿಲ್ಲೆಯಲ್ಲೇ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಆನೆಕಾಡು ದಾಟಿ ಸುಂಟಿಕೊಪ್ಪದ ಕಡೆ ಬಸ್ಸು ಏದುಸಿರು ಬಿಡುತ್ತಾ ಹತ್ತಿದ ಮೇಲೆಯೇ ಕಾಫಿ ತೋಟ ಶುರು.

ಮಡಿಕೇರಿಗೆ ಶನಿವಾರ, ಭಾನುವಾರ ಹೋಗಬೇಡಿ. ಆವತ್ತು ಅಲ್ಲಿ ಬೆಂಗಳೂರಿನ ಟ್ರಾಫಿಕ್ಕೇ ಬಂದು ಇಳಿದಿರುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ಕಾಫಿ ಕೇಳಿದರೆ ಬಿಸಿ ಹಾಲಿಗೆ ಇನ್‌ಸ್ಟಂಟ್ ಪುಡಿ ಕಲಸಿ ಕೊಟ್ಟರು. ಸುತ್ತಲೂ ಕಾಫಿ ಗಿಡ ಇಟ್ಟುಕೊಂಡು! ನಾದಿನಿ ಲೋಟವನ್ನು ಅಲ್ಲೇ ಬಿಟ್ಟು ಎದ್ದಳು. ಹೋಮ್‌ಮೇಡ್ ಅಂತ ಬೋರ್ಡು ಹಾಕಿದ ಚಾಕಲೇಟುಗಳನ್ನೂ ನಾನು ಈಗ ಮುಟ್ಟುವುದಿಲ್ಲ. ಎಲ್ಲಾ ಅಂಗಡಿಯಲ್ಲೂ ಒಂದೇ ಅಚ್ಚು, ಒಂದೇ ರುಚಿ.

ಆದರೂ ಮಡಿಕೇರಿಗೆ ಪೂರ್ತಿ ಸೊನ್ನೆ ಕೊಡಲಾರೆ. ಕಾರಣ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೂ ಮಿನಾರು. ದೂರದಿಂದ ನೋಡಿದರೆ ದರ್ಗಾ ಅಂದುಕೊಳ್ಳಬೇಕು. ಒಳಗೆ ಶಿವ, ಎದುರಿಗೆ ಕಲ್ಯಾಣಿ. ವಾರದ ದಿನ ಬೆಳಿಗ್ಗೆ ಹೋಗಿ, ಇದನ್ನೂ ಕೋಟೆಯೊಳಗಿನ ಜೋಡಿ ಗಾರೆ ಆನೆಗಳನ್ನೂ ನೋಡಿ, ಮಧ್ಯಾಹ್ನಕ್ಕೆ ಜಾಗ ಖಾಲಿ ಮಾಡಿ.

ಈಗ ವಿರಾಜಪೇಟೆ. ಹುಣಸೂರಿನಲ್ಲಿ ರಸ್ತೆ ಕವಲೊಡೆಯುತ್ತದೆ. ಎಡಕ್ಕೆ ಹೊರಳಿದ ಬಸ್ಸು ಆನೆಚೌಕೂರು, ತಿತಿಮತಿ, ಗೋಣಿಕೊಪ್ಪ ಹಿಡಿದು ಹೋಗುತ್ತದೆ. ದಾರಿ ನಾಗರಹೊಳೆ ಕಾಡಿನ ಅಂಚು. ಮತ್ತಿಗೋಡು ಆನೆ ಶಿಬಿರ ಇಲ್ಲೇ ಇದೆ. 2020ರಿಂದ ನಮ್ಮ ದಸರೆಯ ಅಂಬಾರಿ ಹೊರುತ್ತಾ ಬಂದ ಅಭಿಮನ್ಯು ಈ ಶಿಬಿರದವನು. ಅರಮನೆ ಮುಂದೆ ಜರತಾರಿ ಹೊದ್ದು ನಿಂತವನ ತವರು ಮನೆ ನೋಡಲಾದರೂ ಮೈಸೂರಿನವರು ಈ ದಾರಿಯಲ್ಲಿ ಬರಬೇಕು ಅಲ್ವಾ?

ಗೋಣಿಕೊಪ್ಪ, ವಿರಾಜಪೇಟೆ ಎರಡೂ ದುಡಿಯುವ ಪೇಟೆಗಳು. ಪ್ರವಾಸಿಗಳನ್ನು ನೋಡಿ ಯಾರೂ ಕೈ ಬೀಸಿ ಕರೆಯುವುದಿಲ್ಲ. ಕಾಫಿ ವ್ಯಾಪಾರಿಯ ಅಂಗಡಿ ಮುಂದೆ ಒಂದು ಕರಿ ಹಲಗೆ. ಸೀಮೆಸುಣ್ಣದಲ್ಲಿ ಆವತ್ತಿನ ರೇಟು ಬರೆದಿತ್ತು: ರೋಬಸ್ಟಾ ತಳಿಯ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), ರೋಬಸ್ಟಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ), ಕೆಳಗೆ ಕರಿಮೆಣಸು. ಕಾಫಿಗೆ 50 ಕೆಜಿ ಮೂಟೆಯ ಲೆಕ್ಕ. ಹಳೇ ರೇಟನ್ನು ಅಂಗೈಯಲ್ಲಿ ಒರೆಸಿದ ಗುರುತು ಇನ್ನೂ ಬೆಳ್ಳಗಿತ್ತು. ಜೀಪಿನಿಂದ ಇಳಿದ ಬೆಳೆಗಾರರೊಬ್ಬರು ಹಲಗೆ ನೋಡಿದರು, ಏನೂ ಮಾತಾಡದೆ ಮತ್ತೆ ಜೀಪು ಹತ್ತಿದರು. ಅಂಗಡಿಯವರನ್ನು ಕೇಳಿದೆ. ಮೂಟೆ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್, ಅದರ ಮೇಲೆ ದುಡ್ಡು ಅಂದರು. ಇಷ್ಟು ವರ್ಷ ಕಾಫಿ ಕುಡಿದರೂ ಇದು ನನಗೆ ಹೊಸ ವಿಷಯ.

ವಿರಾಜಪೇಟೆಯನ್ನು ನಡೆದೇ ನೋಡಬಹುದು. ಗಡಿಯಾರ ಕಂಬದಿಂದ ಸ್ವಲ್ಪ ದೂರದಲ್ಲಿ ಸಂತ ಅನ್ನಮ್ಮ ಚರ್ಚು, 1792ರದ್ದು. ಟಿಪ್ಪುವಿನ ಕೈಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟಿದ್ದನಂತೆ. ಊರಿಗೆ ಹೆಸರು ಬಂದಿರುವುದೂ ಅವನಿಂದಲೇ.

ಊಟಕ್ಕೆ ಮೇನ್ ರೋಡಿನ ದೊಡ್ಡ ಬೋರ್ಡು ಬಿಟ್ಟು ಒಳಗಿನ ಸಣ್ಣ ಹೋಟೆಲು ಹುಡುಕಿ. ನಾದಿನಿ ಹಂದಿ ಮುಟ್ಟುವುದಿಲ್ಲ, ನಾನು ಬಿಡುವುದಿಲ್ಲ. ಪಂದಿ ಕರಿ ಕಪ್ಪಗಿತ್ತು, ಮಸಾಲೆ ಹುರಿದದ್ದಕ್ಕೆ ಆ ಬಣ್ಣ. ಕೊನೆಗೆ ಬಿಟ್ಟ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿ ನಾಲಿಗೆಗೆ ನಿಧಾನವಾಗಿ ಹತ್ತುತ್ತದೆ. ಜೊತೆಗೆ ಕಡಂಬುಟ್ಟು. ಅಕ್ಕಿ ತರಿಯ ಉಂಡೆ, ಬಿಸಿಯಾಗಿದ್ದಾಗಲೇ ತಿನ್ನಬೇಕು. ನಾದಿನಿ ನೂಲ್ಪುಟ್ಟು (ಅಕ್ಕಿ ಶಾವಿಗೆ), ಕಳಲೆ ಪಲ್ಯ ತಿಂದು ನನಗಿಂತ ಜಾಸ್ತಿ ಹೊಗಳಿದಳು. ಸರ್ವಿಸ್ ನಿಧಾನ, ಕೈ ತೊಳೆಯುವ ಕಡೆ ಸೋಪಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಯಾವಾಗ ಹೋಗಬೇಕು? ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಿಸುವ ಮಳೆ, ಬಿದ್ದು ಒಂದು ವಾರ, ಹತ್ತು ದಿನ ಬಿಟ್ಟು. ತೋಟಕ್ಕೆ ತೋಟವೇ ಬೆಳ್ಳಗಾಗಿರುತ್ತದೆ. ಘಮ ಮಲ್ಲಿಗೆಯದೇ ಅಂತ ಎಲ್ಲರೂ ಹೇಳುತ್ತಾರೆ. ಮೈಸೂರು ಮಲ್ಲಿಗೆ ಮುಡಿದವಳಾಗಿ ಹೇಳುತ್ತೇನೆ, ಇದರಲ್ಲಿ ಸಿಹಿ ತುಸು ಜಾಸ್ತಿ, ತಲೆ ಹಿಡಿದುಕೊಳ್ಳುತ್ತದೆ. ನಮಗೆ ಫೋಟೋ, ಬೆಳೆಗಾರರಿಗೆ ಜೀವ ಕೈಯಲ್ಲಿ. ಹಿಂದೆಯೇ ಇನ್ನೊಂದು ಮಳೆ ಬರದಿದ್ದರೆ ಹೂವು ಕಾಯಿಕಟ್ಟುವುದಿಲ್ಲ. ಜೂನ್‌ನಿಂದ ಆಗಸ್ಟ್ ಮಾತ್ರ ಬೇಡ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದು ಯಾರೂ ಮರೆತಿಲ್ಲ.

ಸೋಮವಾರಪೇಟೆ ಕಡೆ ಮಲ್ಲಳ್ಳಿ ಜಲಪಾತ ಚೆನ್ನಾಗಿದೆ. ಆದರೆ ಸ್ವಂತ ಗಾಡಿ ಇಲ್ಲದವರಿಗೆ ಪೇಚಾಟ, ನಾವು ಅರ್ಧ ದಿನ ಬರೀ ಕಾದೆವು. ಅರೇಬಿಕಾ ತಳಿಯ ಕಾಫಿ ಬೇಕು ಅನ್ನುವವರಿಗೆ ಆ ಕಡೆ ಲಾಭ.

ಕಾಫಿಪುಡಿಯನ್ನು ವಿರಾಜಪೇಟೆ ಅಥವಾ ಗೋಣಿಕೊಪ್ಪದಲ್ಲಿ, ಕಣ್ಣೆದುರೇ ಹುರಿದು ಪುಡಿ ಮಾಡಿಕೊಡುವ ಕಡೆ ತೆಗೆದುಕೊಳ್ಳಿ. ಪ್ಯಾಕೆಟ್ಟೇ ಬೇಕಾದರೆ ಹಿಂದೆ ತಿರುಗಿಸಿ ಚಿಕೋರಿ (ಕಾಫಿಗೆ ಬೆರೆಸುವ ಒಂದು ಬೇರಿನ ಪುಡಿ) ಎಷ್ಟು ಅಂತ ಓದಿ. 49 ಪರ್ಸೆಂಟ್‌ವರೆಗೂ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ. ಭಾನುವಾರ ಸಂಜೆ ವಾಪಸ್ ಬರುವವರು ವಿರಾಜಪೇಟೆ ಸ್ಟ್ಯಾಂಡಿನಲ್ಲೇ ಬಸ್ಸು ಹತ್ತಿ. ಗೋಣಿಕೊಪ್ಪದಲ್ಲಿ ಹತ್ತಿದರೆ ಹುಣಸೂರಿನವರೆಗೂ ನಿಂತೇ ಬರಬೇಕಾಗುತ್ತದೆ.