ಆರು ವಾರ ಥಿಯರಿ, ಆಮೇಲೆ ಲ್ಯಾಬ್: ನನ್ನ ಹಾಗೆ ಮಾಡಬೇಡಿ

ಮುಂದಿನ ಸೆಮಿಸ್ಟರ್‌ಗೆ ಸೆಮ್ಯಾಂಟಿಕ್ ವೆಬ್ (ಕಂಪ್ಯೂಟರಿಗೂ ಅರ್ಥವಾಗುವ ಹಾಗೆ ಮಾಹಿತಿ ಬರೆದಿಡುವ ವಿದ್ಯೆ) ಇಲೆಕ್ಟಿವ್ ನಿಮ್ಮ ತಲೆಗೆ ಬಂದಿದೆಯಾ? ಲೆಸನ್ ಪ್ಲಾನ್ ಕೊಡುವ ಮೊದಲು ಇದನ್ನೊಮ್ಮೆ ಓದಿ.

ನನ್ನ ಪ್ಲಾನ್ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಮೊದಲ ಆರು ವಾರ ಬರೀ ಥಿಯರಿ. ಮಾಹಿತಿಯನ್ನು ಮೂರು ಭಾಗದ ವಾಕ್ಯವಾಗಿ ಬರೆಯುವ ಆರ್‌ಡಿಎಫ್ ಟ್ರಿಪಲ್, ವ್ಯಾಖ್ಯಾನ ಮತ್ತು ಸಂಬಂಧ ಬರೆಯುವ ಭಾಷೆಯಾದ 2004ರ ಔಲ್, 2009ರ ಔಲ್ 2, ಅದರ ಹಿಂದಿರುವ ಡಿಸ್ಕ್ರಿಪ್ಷನ್ ಲಾಜಿಕ್, ಈ ಡೇಟಾವನ್ನು ಪ್ರಶ್ನೆ ಕೇಳುವ ಭಾಷೆ ಸ್ಪಾರ್ಕಲ್. ಲ್ಯಾಬ್ ಏನಿದ್ದರೂ ಅದಾದ ಮೇಲೆ. ‘ಓಪನ್ ವರ್ಲ್ಡ್ ಅಸಂಪ್ಷನ್’ ಮೂರನೇ ವಾರದ ಸ್ಲೈಡಿನಲ್ಲಿತ್ತು. ಇಂಟರ್ನಲ್ಸ್‌ನಲ್ಲಿ ಕೇಳಿದೆ, ಹೆಚ್ಚುಕಮ್ಮಿ ಎಲ್ಲರೂ ಸರಿಯಾಗಿ ಬರೆದರು. ಹೇಳದೆ ಬಿಟ್ಟದ್ದು ಸುಳ್ಳಲ್ಲ, ಗೊತ್ತಿಲ್ಲ ಅಷ್ಟೇ ಅಂತ. ಐದಕ್ಕೆ ಐದು ಕೊಟ್ಟೆ.

ಏಳನೇ ವಾರ ಔಲ್‌ನಲ್ಲಿ ಬರೆಯುವ ಸಾಫ್ಟ್‌ವೇರ್ ಆದ ಪ್ರೊಟೆಜೆ ತೆರೆದೆವು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪಿಜ್ಜಾ ಟ್ಯುಟೋರಿಯಲ್ ಇದಕ್ಕೆ ಪ್ರಸಿದ್ಧ. ನಮ್ಮ ಹುಡುಗರಿಗೆ ಪಿಜ್ಜಾ ಯಾಕೆ, ಕ್ಯಾಂಟೀನ್ ತಿಂಡಿ ಸಾಕು ಅಂತ ನಾನು ಜಾಣತನ ತೋರಿಸಿದೆ. ಮಸಾಲೆ ದೋಸೆಯಲ್ಲಿ ಅಕ್ಕಿ, ಉದ್ದು, ಆಲೂಗಡ್ಡೆ, ಈರುಳ್ಳಿ ಇದೆ ಅಂತ ಬರೆದರು. ಮಾಂಸದ ಪದಾರ್ಥ ಇಲ್ಲದ ತಿಂಡಿ ಸಸ್ಯಾಹಾರಿ ಅಂತ ವ್ಯಾಖ್ಯಾನ ಕೊಟ್ಟರು. ಬರೆದದ್ದರಿಂದ ತೀರ್ಮಾನ ತೆಗೆಯುವ ರೀಸನರ್ ಓಡಿಸಿದರು. ದೋಸೆ ಇದ್ದಲ್ಲೇ ಇತ್ತು.

“ಸರ್, ಇದು ದೋಸೆನ ವೆಜ್ ಅಂತ ಒಪ್ತಾನೇ ಇಲ್ಲ.”

ನಾನೇನು ಮಾಡಿದೆ ಗೊತ್ತಾ? ಹರ್ಮಿಟ್ ಅನ್ನುವ ರೀಸನರ್ ತೆಗೆದು ಪೆಲೆಟ್ ಅನ್ನುವ ಇನ್ನೊಂದನ್ನು ಹಾಕಿಸಿದೆ. ಪ್ರೊಟೆಜೆಯನ್ನೇ ಮತ್ತೆ ಇನ್‌ಸ್ಟಾಲ್ ಮಾಡಿಸಿದೆ. ಒಂದೂವರೆ ಗಂಟೆ ಹೋಯಿತು. ಸ್ಲೈಡಿನಲ್ಲಿ ನಾನೇ ಪಾಠ ಮಾಡಿದ್ದು ಕಣ್ಣೆದುರು ಬಂದು ನಿಂತಾಗ ನನಗೇ ಗುರುತು ಸಿಗಲಿಲ್ಲ. ಆಲೂಗಡ್ಡೆ ಇದೆ ಅಂದ ಮಾತ್ರಕ್ಕೆ ಕೋಳಿ ಇಲ್ಲ ಅಂತ ಹೇಳಿದ ಹಾಗಾಗಲಿಲ್ಲ. “ಇವಿಷ್ಟೇ, ಬೇರೆ ಏನೂ ಇಲ್ಲ” ಅಂತ ಕ್ಲೋಶರ್ ಆಕ್ಸಿಯಮ್ ಸೇರಿಸಬೇಕು. ತರಕಾರಿ, ಧಾನ್ಯ ಯಾವುದೂ ಮಾಂಸ ಅಲ್ಲ ಅಂತ ಡಿಸ್‌ಜಾಯಿಂಟ್ ಕೂಡ ಮಾಡಬೇಕು. ಎರಡರಲ್ಲಿ ಒಂದು ಬಿಟ್ಟರೂ ಆಗಲ್ಲ. ಪಿಜ್ಜಾ ಟ್ಯುಟೋರಿಯಲ್‌ನಲ್ಲಿ ಮಾರ್ಗರಿಟಾ ಹೆಸರಲ್ಲಿ ಇದೇ ಪಾಠ ಇದೆ. ರಾತ್ರಿ ಮನೆಗೆ ಬಂದು ಓದಿದೆ.

ಇಷ್ಟಕ್ಕೇ ಬುದ್ಧಿ ಬರಬೇಕಿತ್ತು. ಎರಡು ವಾರದ ನಂತರ ಇನ್ನೊಂದು ತಂಡ ಕಾಲೇಜಿನ ಆಂಟಾಲಜಿ (ಯಾರು ಏನು, ಯಾವುದಕ್ಕೆ ಏನು ಸಂಬಂಧ ಅನ್ನುವ ವಿವರಣೆ) ಮಾಡಿತು. ಒಂದು ಡಿಪಾರ್ಟ್‌ಮೆಂಟಿಗೆ ಒಬ್ಬರೇ ಹೆಚ್‌ಓಡಿ ಅಂತ ಫಂಕ್ಷನಲ್ ಪ್ರಾಪರ್ಟಿ. ಬೇಕಂತಲೇ ಇಬ್ಬರ ಹೆಸರು ಹಾಕಿ, ಎರರ್ ಬರುತ್ತದೆ ನೋಡಿ ಅಂತ ಹೊರಗಿನಿಂದ ಬಂದ ಪರೀಕ್ಷಕರಿಗೆ ತೋರಿಸಿದರು. ಎರರ್ ಬರಲಿಲ್ಲ. ಇಬ್ಬರೂ ಒಬ್ಬರೇ ಅಂತ ರೀಸನರ್ ತೀರ್ಮಾನ ಕೊಟ್ಟಿತು! ಹೆಸರು ಬೇರೆ ಅಂದರೆ ಆಳು ಬೇರೆ ಅಂತ ಔಲ್ ಅಂದುಕೊಳ್ಳುವುದಿಲ್ಲ. ಬೇರೆ ಬೇರೆ ಅಂತ ನಾವೇ ಬರೆಯಬೇಕು. ಪರೀಕ್ಷಕರು ನಕ್ಕರು. ಆ ಇಬ್ಬರಲ್ಲಿ ಒಬ್ಬರಾದ ನಮ್ಮ ಹೆಚ್‌ಓಡಿ ನಗಲಿಲ್ಲ.

ಸ್ಪಾರ್ಕಲ್ ದಿನದ್ದು ಬೇರೆಯೇ ಕಥೆ. 48 ಜನರನ್ನು ಒಟ್ಟಿಗೆ ಕೂರಿಸಿ ವಿಕಿಪೀಡಿಯದ ಸೋದರ ಯೋಜನೆ ವಿಕಿಡೇಟಾದ ಕ್ವೆರಿ ಸರ್ವಿಸ್ ತೆರೆಸಿದೆ. ಕರ್ನಾಟಕದಲ್ಲಿ ಹುಟ್ಟಿದ ಲೇಖಕರ ಪಟ್ಟಿ ತೆಗೆಯಿರಿ ಅಂದೆ. ಮೊದಲ ಹತ್ತು ನಿಮಿಷ ಹಬ್ಬ. ಆಮೇಲೆ ಒಂದೊಂದೇ ಪರದೆಯಲ್ಲಿ 429 ಎರರ್ (ಕೋರಿಕೆ ಜಾಸ್ತಿಯಾಯಿತು ಅಂತ ಸರ್ವರ್ ಹೇಳುವ ಸಂಖ್ಯೆ). ಇಂಟರ್ನೆಟ್ ಹೋಯಿತು ಅಂತ ಲ್ಯಾಬ್ ಅಸಿಸ್ಟೆಂಟ್ ಮೇಲೆ ಕೂಗಾಡಿದೆ, ಪಾಪ. ತಪ್ಪು ಅವರದ್ದಲ್ಲ. ಅಲ್ಲಿ ಒಂದು ಕ್ವೆರಿಗೆ 60 ಸೆಕೆಂಡ್ ಮಿತಿ ಇರುವುದು ನನಗೆ ಗೊತ್ತಿತ್ತು. ಒಬ್ಬ ಬಳಕೆದಾರನಿಗೆ ನಿಮಿಷಕ್ಕೆ ಇಷ್ಟೇ ಸಮಯ, ಇಷ್ಟೇ ತಪ್ಪು ಕ್ವೆರಿ ಅಂತಲೂ ಇರುವುದು ಗೊತ್ತಿರಲಿಲ್ಲ. ಬಳಕೆದಾರನನ್ನು ಅದು ಗುರುತಿಸುವುದು ಐಪಿ ವಿಳಾಸ ಮತ್ತು ಬ್ರೌಸರ್ ಗುರುತಿನಿಂದ. ನಮ್ಮ ಲ್ಯಾಬಿನ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಬ್ರೌಸರ್, ಹೊರಗೆ ಹೋಗುವುದು ಒಂದೇ ಐಪಿಯಿಂದ. ಸರ್ವರ್ ಕಣ್ಣಿಗೆ 48 ಹುಡುಗರು ಸೇರಿ ಒಬ್ಬನೇ ಆಸಾಮಿ. ಅದರಲ್ಲೂ ಹೊಸಬರು, ಕ್ವೆರಿಯಲ್ಲಿ ಫುಲ್‌ಸ್ಟಾಪ್ ಮರೆತು ತಪ್ಪು ಮಾಡುವವರೇ ಜಾಸ್ತಿ.

ಈಗ ಏನು ಮಾಡುತ್ತಿದ್ದೇನೆ ಅಂದರೆ, ಬೇಕಾದಷ್ಟು ಡೇಟಾ ಮೊದಲೇ ಇಳಿಸಿ ಟರ್ಟಲ್ (ಆರ್‌ಡಿಎಫ್ ಬರೆಯುವ ಒಂದು ರೂಪ) ಫೈಲ್ ಮಾಡಿಟ್ಟುಕೊಳ್ಳುತ್ತೇನೆ. ಲ್ಯಾಬಿನ ಒಂದು ಯಂತ್ರದಲ್ಲಿ ಅಪಾಚೆ ಜೀನಾದ ಫುಸೆಕಿ ಅನ್ನುವ ಸ್ಪಾರ್ಕಲ್ ಸರ್ವರ್ ಓಡುತ್ತಿರುತ್ತದೆ, ಹುಡುಗರು ಅದನ್ನೇ ಕೇಳುತ್ತಾರೆ. ಎಷ್ಟು ತಪ್ಪಿದರೂ ಯಾರೂ ಬಾಗಿಲು ಹಾಕುವುದಿಲ್ಲ. ವಿಕಿಡೇಟಾ ಕೊನೆಯ ವಾರ, ಇಬ್ಬಿಬ್ಬರಾಗಿ.

ಥಿಯರಿ ಕಮ್ಮಿ ಮಾಡಿಲ್ಲ, ಜಾಗ ಬದಲಾಯಿಸಿದ್ದೇನೆ. ಮೊದಲ ದಿನವೇ ದೋಸೆ. ರೀಸನರ್ ಒಪ್ಪದೆ ಹುಡುಗರು ಬೈದುಕೊಂಡ ಮೇಲೆಯೇ ಓಪನ್ ವರ್ಲ್ಡ್ ಸ್ಲೈಡ್ ತೆರೆಯುವುದು. ಲ್ಯಾಬ್‌ಗೆ ಮುಂಚಿನ ರಾತ್ರಿ ಪ್ರತಿ ಎಕ್ಸರ್‌ಸೈಜನ್ನು ನಾನೇ ಒಮ್ಮೆ ಮಾಡುತ್ತೇನೆ, ಅದನ್ನಂತೂ ಬಿಡಬೇಡಿ.

ಕ್ಯಾಂಟೀನ್ ಫೈಲ್ ಬೇಕಿದ್ದವರು ಕೇಳಿ, ಕಳಿಸುತ್ತೇನೆ. ದೋಸೆಯಲ್ಲಿ ಕೋಳಿ ಇಲ್ಲ ಅಂತ ಮಾತ್ರ ಅದರಲ್ಲಿ ಬರೆದಿಲ್ಲ.