ಬಟ್ಟಲು, ಶ್ರುತಿಕವೆ, ಗುಂಯ್ಗುಡುವ ಹಾಸಿಗೆ: ಮೂರನ್ನೂ ನೋಡಿದ ಮೇಲೆ

ನಮ್ಮ ಪುಟ್ಟನಿಗೆ ಈಗ ನಾಲ್ಕೂವರೆ ವರ್ಷ. ನಡೆಯಲು ಕಲಿತದ್ದು ಎರಡೂವರೆಗೆ. ಮಾತು ಹೆಚ್ಚೆಂದರೆ ಇಪ್ಪತ್ತು ಪದ. ಮೈಯಲ್ಲಿ ಬಿಗಿ ಕಡಿಮೆ, ಕೂರಿಸಿದರೆ ಒಂದು ಕಡೆ ವಾಲುತ್ತಾನೆ. ಡಾಕ್ಟರ್ ಚೀಟಿಯಲ್ಲಿ ಬರೆದದ್ದು ‘ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ’, ಅಂದರೆ ಮಾತು, ನಡಿಗೆ ಹೀಗೆ ಹಲವು ಬಗೆಯ ಬೆಳವಣಿಗೆ ತಡ. ನಾವು ಮೈಸೂರಿನವರು, ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ. ಬೆರಾ ಟೆಸ್ಟ್ ಅಲ್ಲೇ ಆಯಿತು, ಕಿವಿ ಚೆನ್ನಾಗಿದೆ. ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಶನಲ್ ಥೆರಪಿ, ದಿನನಿತ್ಯದ ಕೆಲಸ ಕಲಿಸುವ ತರಬೇತಿ) ಎರಡೂ ನಡೆಯುತ್ತಿವೆ.

ಇವನು ಮಿಕ್ಸಿ ಶಬ್ದಕ್ಕೆ ಚೀರುತ್ತಾನೆ. ಆದರೆ ಓಡುತ್ತಿರುವ ವಾಷಿಂಗ್ ಮಷಿನ್ನಿಗೆ ಕೆನ್ನೆ ಒತ್ತಿ ಅರ್ಧ ಗಂಟೆ ನಿಲ್ಲುತ್ತಾನೆ! ಅದನ್ನು ನೋಡಿಯೇ ನನಗೆ ಈ ನಾದ ಚಿಕಿತ್ಸೆಯ, ಅಂದರೆ ಸದ್ದು, ಕಂಪನದಿಂದ ಮಾಡುವ ಚಿಕಿತ್ಸೆಯ, ಹುಚ್ಚು ಹತ್ತಿದ್ದು. ಶಬ್ದ ಕಿವಿಗೆ ಹೋದರೆ ಬೇಡ, ಮೈಗೆ ಹೋದರೆ ಬೇಕು ಅನ್ನುವ ಮಗುವಿಗೆ ಇದು ಒಗ್ಗಬಹುದು ಅನ್ನಿಸಿತು. ಒಂದು ವರ್ಷದಲ್ಲಿ ಮೂರು ಬಗೆ ನೋಡಿದೆವು.

ಮೊದಲು ಶ್ರುತಿಕವೆ, ಅಂದರೆ ಟ್ಯೂನಿಂಗ್ ಫೋರ್ಕ್. ಸ್ಕೂಲಿನ ಲ್ಯಾಬಿನಲ್ಲಿ ರಬ್ಬರಿಗೆ ಬಡಿಯುತ್ತಿದ್ದೆವಲ್ಲ, ಅದೇ. ತುದಿಗೆ ಭಾರ ಕಟ್ಟಿದ 128 ಹರ್ಟ್ಜ್‌ ಕವೆಯನ್ನು ಬಡಿದು, ಅದರ ಕಾಲನ್ನು ಬೆನ್ನಿಗೆ, ಅಂಗಾಲಿಗೆ ಒತ್ತುತ್ತಾರೆ. ಮೈಯೊಳಗೆ ಸಣ್ಣ ಝುಂ ಹರಿಯುತ್ತದೆ. ನರದ ಡಾಕ್ಟರುಗಳ ಹತ್ತಿರವೂ ಇದೇ 128ರ ಕವೆ ಇರುತ್ತದೆ. ಅವರು ಅದನ್ನು ಇಡುವುದು ಕಂಪನ ಗೊತ್ತಾಗುತ್ತಿದೆಯಾ ಎಂದು ಪರೀಕ್ಷಿಸಲು. ಇಲ್ಲಿ ಮಾತ್ರ ಅದೇ ಔಷಧಿ.

ಪುಟ್ಟನಿಗೆ ಅಂಗಾಲಿಗಿಟ್ಟಾಗ ನಗು ಬಂತು. ಬೆನ್ನಿಗಿಟ್ಟರೆ ಬೆಚ್ಚಿ ತಿರುಗಿದ. ಹಿಂದಿನಿಂದ ಏನು ಬರುತ್ತಿದೆ ಅಂತ ಅವನಿಗೆ ಕಾಣುವುದಿಲ್ಲ, ಅಲ್ವಾ? ಮೂರನೇ ಸಲ ಕವೆಯನ್ನೇ ಕಿತ್ತುಕೊಂಡು ಬಾಯಿಗೆ ಹಾಕಿದ. ಹಿಡಿದ ಕೂಡಲೇ ಸದ್ದು ನಿಂತಿತು. ಹೊಡೆದು ಹೊಡೆದು ನೋಡಿದ, ಸಿಟ್ಟಾದ. ನಂತರ ಅವರು ಮೈ ಮುಟ್ಟದೆ ಗಾಳಿಯಲ್ಲೇ ಕವೆ ಆಡಿಸಿ, ‘ಎರಡನೇ ವರ್ಷದಲ್ಲಿ ಶಕ್ತಿ ಸಿಕ್ಕಿಹಾಕಿಕೊಂಡಿದೆ’ ಅಂದರು. ಎರಡು ವರ್ಷಕ್ಕೆ ನಡೆದಿರಲಿಲ್ಲ ಅಂತ ನಾನೇ ಫಾರಂನಲ್ಲಿ ಬರೆದುಕೊಟ್ಟಿದ್ದೆ! ಒಂದು ಸಲಕ್ಕೆ 1500 ರೂಪಾಯಿ. ಅಲ್ಲಿಗೇ ನಿಲ್ಲಿಸಿದೆವು.

ಹಾಸಿಗೆಯ ಕಥೆ ಬೇರೆ. ಹಾಸಿಗೆಯೊಳಗೇ ಸ್ಪೀಕರ್ ಇರುತ್ತವೆ, ತುಂಬಾ ತಗ್ಗಿನ ಸ್ವರ ಹೊರಡಿಸುತ್ತವೆ. ಕಿವಿಗೆ ಕೇಳುವುದಕ್ಕಿಂತ ಎಲುಬಿಗೆ ಗೊತ್ತಾಗುವುದು ಜಾಸ್ತಿ. ನಾರ್ವೆಯ ಓಲಾವ್ ಸ್ಕಿಲ್ಲೆ ಎನ್ನುವವರು 1980ರ ದಶಕದಲ್ಲಿ ರೂಪಿಸಿದ ಪದ್ಧತಿ, 30ರಿಂದ 120 ಹರ್ಟ್ಜ್‌ ಒಳಗೆ. ಮೂರರಲ್ಲಿ ಹೆಚ್ಚು ಸುಖ ಕೊಟ್ಟದ್ದು ಇದೇ. ಮಲಗಿಸಿದ ಐದು ನಿಮಿಷಕ್ಕೆ ಕೈಕಾಲು ಸಡಿಲ, ಹತ್ತು ನಿಮಿಷಕ್ಕೆ ನಿದ್ದೆ. ಎಂಟು ಸಲದ ಪ್ಯಾಕೇಜಿಗೆ 9600 ರೂಪಾಯಿ ಕಟ್ಟಿ, ಮಗು ಮಲಗಿದ್ದನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದೆ. ಮನೆಗೆ ಬಂದ ಮೇಲೆ ಏನೂ ಬದಲಾಗಲಿಲ್ಲ. ವಾಷಿಂಗ್ ಮಷಿನ್ ಇದನ್ನೇ ಪುಕ್ಕಟೆ ಮಾಡುತ್ತಿತ್ತಲ್ಲ ಅನ್ನಿಸಿತು. ಇನ್ನೊಂದು ವಿಷಯ. ಪುಟ್ಟನಿಗೆ ಒಮ್ಮೆ ಜ್ವರದಲ್ಲಿ ಫಿಟ್ಸ್ ಬಂದಿತ್ತು. ಅದನ್ನು ಅವರು ಕೇಳಲೇ ಇಲ್ಲ, ನಾನೇ ನಡುವೆ ನೆನಪಾಗಿ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಫಿಟ್ಸ್ ಇರುವ ಮಕ್ಕಳಿದ್ದರೆ ಡಾಕ್ಟರನ್ನು ಮೊದಲೇ ಕೇಳಿ, ನನ್ನ ಹಾಗೆ ಮಾಡಬೇಡಿ.

ಬಟ್ಟಲು ಅಂದರೆ ಕೋಲಿನಿಂದ ಹೊಡೆದರೆ ಗುಂಯ್ ಅನ್ನುವ ಲೋಹದ ಸಿಂಗಿಂಗ್ ಬೌಲ್. ಅದಕ್ಕೆ ಹೋಗುವಾಗ ನನಗೆ ನಂಬಿಕೆ ಇರಲಿಲ್ಲ. ‘ಟಿಬೆಟನ್’ ಅಂತ ಬೋರ್ಡಿನಲ್ಲಿದ್ದರೂ, ಬಟ್ಟೆಯ ಮೇಲಿಂದ ಹೊಟ್ಟೆ, ಬೆನ್ನಿನ ಮೇಲಿಟ್ಟು ಮೆಲ್ಲಗೆ ಹೊಡೆಯುವ ಈ ಕ್ರಮ ಹೆಸರಾದದ್ದು ಜರ್ಮನಿಯ ಪೀಟರ್ ಹೆಸ್ ಅವರಿಂದ, 1980ರ ದಶಕದಲ್ಲಿ. ಅಲ್ಲಿ ಬಟ್ಟಲು ನುಡಿಸುವ ಹೆಂಗಸು ಮೊದಲ ದಿನ ಪುಟ್ಟನ ಮೇಲೆ ಏನೂ ಇಡಲಿಲ್ಲ. ಬಟ್ಟಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಉಣ್ಣೆ ಸುತ್ತಿದ ಕೋಲನ್ನು ಅವನ ಕೈಗೆ ಕೊಟ್ಟರು. ಹೊಡೆದ. ಅಂಗೈಯಿಂದ ಅಂಚು ಮುಟ್ಟಿದ, ಸದ್ದು ಸತ್ತಿತು. ಕೈ ತೆಗೆದ. ಮತ್ತೆ ಹೊಡೆದ. ಇಪ್ಪತ್ತು ನಿಮಿಷ ಇದೇ ಆಟ. ಎರಡನೇ ದಿನ ತಾನೇ ಬಟ್ಟಲನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. ಆಮೇಲೆ ಅವರೊಂದು ಸಲ, ಇವನೊಂದು ಸಲ. ಇವನು ತನ್ನ ಸರದಿಗೆ ಕಾದ! ಕಾಯುವುದು ಅಂದರೆ ಏನು ಅಂತ ಈ ಮಕ್ಕಳ ಮನೆಯವರಿಗೆ ಗೊತ್ತು.

ನಾಲ್ಕನೇ ಸಲ, ಸದ್ದು ಆರಿದ ಮೇಲೆ, ‘ಮತೆ’ ಅಂದ. ನನ್ನ ಕಣ್ಣು ತುಂಬಿತು. ಗಂಡನಿಗೆ ಫೋನ್ ಮಾಡಿ ಬಟ್ಟಲು ಮಾತು ತರಿಸಿತು ಅಂತ ಹೇಳಿದ್ದೂ ಆಯಿತು. ಸಂಜೆ ತಲೆ ತಣ್ಣಗಾದ ಮೇಲೆ ನೆನಪಾಯಿತು. ಸ್ಪೀಚ್ ಥೆರಪಿಸ್ಟ್ ಎರಡು ತಿಂಗಳಿಂದ ಸೋಪಿನ ಗುಳ್ಳೆ ಊದಿ ‘ಮತ್ತೆ, ಮತ್ತೆ’ ಹೇಳಿಸುತ್ತಿದ್ದರು. ಬಿತ್ತಿದ್ದು ಅವರು, ಮೊಳಕೆ ಕಂಡದ್ದು ಇಲ್ಲಿ.

ಹೆಡ್‌ಫೋನ್ ಹಾಕಿಸಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ, ಹತ್ತು ದಿನ ಸಂಗೀತ ಕೇಳಿಸುವ ಕೋರ್ಸನ್ನು ಒಬ್ಬರು ಹೇಳಿದರು. ನಾವು ಹೋಗಲಿಲ್ಲ. ಅದರಿಂದ ಆಟಿಸಂಗೆ ಲಾಭವಿದೆ ಅನ್ನಲು ಪುರಾವೆ ಸಾಲದು ಎಂದು 2011ರ ಕಾಕ್ರೇನ್ (ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ) ಪರಿಶೀಲನೆ ಹೇಳಿದೆ. ಅದೇ ಕಾಕ್ರೇನ್ 2022ರಲ್ಲಿ ಆಟಿಸಂ ಇರುವವರಿಗೆ ಕೊಡುವ ಮ್ಯೂಸಿಕ್ ಥೆರಪಿಯ ಬಗ್ಗೆ ಒಂದಿಷ್ಟು ಒಳ್ಳೆಯ ಮಾತು ಆಡಿದೆ. ಅದರಲ್ಲಿ ಮಗು ಸುಮ್ನೆ ಮಲಗಿರುವುದಿಲ್ಲ, ಥೆರಪಿಸ್ಟ್ ಜೊತೆ ತಾನೂ ನುಡಿಸುತ್ತದೆ, ಹಾಡುತ್ತದೆ. ನಮ್ಮ ಬಟ್ಟಲಿಗೂ ಹಾಸಿಗೆಗೂ ನಾನು ಕಂಡ ವ್ಯತ್ಯಾಸ ಇದೇ.

ಬಟ್ಟಲಿನ ಕ್ಲಾಸೂ ಈಗ ಬಿಟ್ಟಿದ್ದೇವೆ. ಒಂದು ಭಾನುವಾರ ಟಿಬೆಟನ್ನರ ನೆಲೆಯಾದ ಬೈಲಕುಪ್ಪೆಗೆ ಹೋಗಿ ಅಂಗಡಿಯಲ್ಲಿ ಹತ್ತಾರು ಬಟ್ಟಲು ಹೊಡೆಸಿ ನೋಡಿ, ಪುಟ್ಟ ಬಿಡಲೊಲ್ಲದ ಒಂದನ್ನು 2200ಕ್ಕೆ ತಂದೆವು. ಓಟಿಗೆ ಹೊರಡುವ ಮುಂಚೆ ಹತ್ತು ನಿಮಿಷ ಹೊಡೆಯುತ್ತೇವೆ. ತಲೆ, ಕಿವಿಯ ಹತ್ತಿರ ಒಯ್ಯುವುದಿಲ್ಲ. ಉಳಿದ ದುಡ್ಡು ವಾರಕ್ಕೆ ಇನ್ನೊಂದು ಸ್ಪೀಚ್ ಕ್ಲಾಸಿಗೆ.

ಮೊನ್ನೆ ನಮ್ಮತ್ತೆ ಅದರಲ್ಲಿ ಹೆಸರುಬೇಳೆ ನೆನೆಹಾಕಿಬಿಟ್ಟಿದ್ದರು. ಪುಟ್ಟ ಕೋಲು ಹಿಡಿದು ಹುಡುಕಿಕೊಂಡು ಹೋಗಿ, ಬೇಳೆ ಸಮೇತ ಹೊಡೆದ. ‘ಡಬ್’ ಅಂತ ಸತ್ತ ಸದ್ದು. ಇನ್ನೊಮ್ಮೆ ಹೊಡೆದ. ಬಗ್ಗಿ ಒಳಗೆ ನೋಡಿದ. ಆಮೇಲೆ ತಿರುಗಿ, ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದ, ಇದೇನಾಯ್ತು ಅನ್ನುವ ಹಾಗೆ.