ಒಂದೇ ಪೈಪ್‌ಲೈನ್, ಎರಡು ಸಾಫ್ಟ್‌ವೇರ್: ಸೀಸರ್-2 ಮತ್ತು ಆಟೋಪೈಪ್

ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಆಫೀಸಿಗೆ ಹೋದ ತಿಂಗಳು ಒಂದು ರೆಸಿಪ್ರೊಕೇಟಿಂಗ್ (ಪಿಸ್ಟನ್ ಹಿಂದೆ-ಮುಂದೆ ಓಡುವ) ಕಂಪ್ರೆಸರಿನ ಗ್ಯಾಸ್ ಲೈನಿನ ಕೆಲಸ ಬಂತು. 6 ಇಂಚು, ಶೆಡ್ಯೂಲ್ 40 (ಪೈಪಿನ ಗೋಡೆಯ ದಪ್ಪದ ದರ್ಜೆ), ಇನ್ಸುಲೇಶನ್ ಇಲ್ಲ. 6 ಮೀಟರಿಗೊಂದು ಸಪೋರ್ಟ್, ಪ್ರತಿಯೊಂದಕ್ಕೂ ಗೈಡ್ (ಪೈಪ್ ಪಕ್ಕಕ್ಕೆ ಸರಿಯದಂತೆ ತಡೆ). ಕಂಪ್ರೆಸರ್ ವೇಗ 750 ಆರ್‌ಪಿಎಂ. ಪೈಪಿನ ಒತ್ತಡ, ಕಂಪನ ಲೆಕ್ಕ ಹಾಕುವ ಸೀಸರ್-2 ಮತ್ತು ಆಟೋಪೈಪ್ ಎರಡರಲ್ಲೂ ಇದನ್ನೇ ಮಾಡೆಲ್ ಮಾಡಿ, ಮೋಡಲ್ ಅನಾಲಿಸಿಸ್ (ಲೈನ್ ಯಾವ ಯಾವ ಹರ್ಟ್ಜ್‌ನಲ್ಲಿ ತಾನಾಗಿ ಅಲ್ಲಾಡುತ್ತದೆ ಎಂಬ ಲೆಕ್ಕ) ಓಡಿಸಿದೆವು.

ಅದಕ್ಕೂ ಮೊದಲು ಕೈಲೆಕ್ಕ ಮಾಡಿದ್ದೆ. ಪೈಪಿನ ತೂಕ ಮೀಟರಿಗೆ 28.3 ಕೆಜಿ. 6 ಮೀಟರ್ ಸ್ಪ್ಯಾನಿನ, ಅಂದರೆ ಎರಡು ಸಪೋರ್ಟ್ ನಡುವಿನ ಪೈಪಿನ, ಸಹಜ ಕಂಪನ ಸುಮಾರು 12.5 ಹರ್ಟ್ಜ್. 750ನ್ನು 60ರಿಂದ ಭಾಗಿಸಿ ನೋಡಿ, ಅದೂ 12.5. ಎರಡೂ ಒಂದೇ ಆದರೆ ಲೈನ್ ಸುಮ್ನೆ ಕೂರುವುದಿಲ್ಲ, ಅಲ್ವಾ?

ಸೀಸರ್ ಮೊದಲು. ವಿದ್ಯಾನಗರದ ಕಾಲೇಜಿನಿಂದ ಹೊಸದಾಗಿ ಸೇರಿದ ಹುಡುಗಿ ರಿಸಲ್ಟ್ ನೋಡಿ, "ಸರ್, 12ರ ಹತ್ರ ಒಂದು ಮೋಡೂ ಇಲ್ರಿ" ಎಂದಳು. ಮೋಡ್ ಎಂದರೆ ಪೈಪ್ ತಾನಾಗಿ ಅಲ್ಲಾಡುವ ಒಂದು ರೀತಿ. ನಿಜ, ಇರಲಿಲ್ಲ. ನಾವು ಲಂಪ್ಡ್ ಮಾಸ್‌ನಲ್ಲಿ ಓಡಿಸಿದ್ದೆವು. ಅದರಲ್ಲಿ ಪೈಪಿನ ತೂಕವೆಲ್ಲ ನೋಡ್‌ಗಳಲ್ಲಿ (ಮಾಡೆಲ್‌ನಲ್ಲಿ ನಾವು ಗುರುತಿಸುವ ಬಿಂದುಗಳು) ಹೋಗಿ ಕೂರುತ್ತದೆ. ನಮ್ಮ ನೋಡ್‌ಗಳೆಲ್ಲ ಸಪೋರ್ಟಿನ ಮೇಲೇ ಇದ್ದವು. ಸ್ಪ್ಯಾನಿನ ನಡುವೆ ತೂಕವೇ ಇಲ್ಲದ ಮೇಲೆ ಏನು ಅಲ್ಲಾಡಬೇಕು? ಪ್ರತಿ ಸ್ಪ್ಯಾನಿನ ನಡುವೆ ಒಂದೊಂದು ನೋಡ್ ಸೇರಿಸಿದಳು. 12.47 ಬಂತು. ಅವಳ ಮುಖ ಅರಳಿತು, ನನಗೂ ಖುಷಿಯಾಯಿತು.

ಆಟೋಪೈಪ್‌ನಲ್ಲಿ ಈ ಕಷ್ಟ ಬರಲಿಲ್ಲ. ಸ್ಪ್ಯಾನಿಗೆ ಎಷ್ಟು ಮಾಸ್ ಪಾಯಿಂಟ್ (ತೂಕ ಕೂರುವ ಬಿಂದು) ಎಂಬುದನ್ನು ಆಟೋಮ್ಯಾಟಿಕ್ ಎಂದು ಬಿಟ್ಟರೆ, ಕಟ್‌ಆಫ್ ಫ್ರೀಕ್ವೆನ್ಸಿ (ಎಷ್ಟು ಹರ್ಟ್ಜ್‌ವರೆಗೆ ಮೋಡ್ ಹುಡುಕಬೇಕೆಂಬ ಮಿತಿ) ನೋಡಿಕೊಂಡು ಅದೇ ಹಾಕಿಕೊಳ್ಳುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಆದರೆ ಸಪೋರ್ಟಿನ ವಿಷಯಕ್ಕೆ ಬಂದಾಗ ನಾನು ಸೀಸರ್ ಕಡೆ. ಯಾವ ಸ್ಟ್ಯಾಟಿಕ್ ಕೇಸಿನಲ್ಲಿ (ಪೈಪ್ ಅಲ್ಲಾಡದಿರುವಾಗಿನ ಲೆಕ್ಕ) ಸಪೋರ್ಟ್ ಇದ್ದ ಸ್ಥಿತಿಯನ್ನು ಹಿಡಿಯಬೇಕು ಎಂದು ಅದು ನಮ್ಮನ್ನೇ ಕೇಳುತ್ತದೆ. ಲೈನ್ ಬಿಸಿಯಾಗಿ ಓಡುವಾಗಿನ ಆಪರೇಟಿಂಗ್ ಕೇಸ್ ಕೊಟ್ಟೆವು. ನಾಝಲ್ (ಪೈಪ್ ಯಂತ್ರಕ್ಕೆ ಸೇರುವ ಬಾಯಿ) ಹತ್ತಿರದ ಒಂದು ಸಪೋರ್ಟಿನಲ್ಲಿ ಪೈಪ್ ಬಿಸಿಗೆ ಮೇಲೆ ಎದ್ದಿತ್ತು. ಎದ್ದ ಸಪೋರ್ಟ್ ಮೋಡಲ್ ಲೆಕ್ಕಕ್ಕೆ ಇಲ್ಲದಂತೆಯೇ. 6 ಮೀಟರ್ ಸ್ಪ್ಯಾನ್ 12 ಆಯಿತು. ಅಲ್ಲಿ ಮೇಲೆ-ಕೆಳಗಿನ ಕಂಪನ 4 ಹರ್ಟ್ಜ್ ಆಸುಪಾಸಿಗೆ ಇಳಿಯಿತು. ಆಟೋಪೈಪ್‌ನಲ್ಲಿ ನಾವು ಓಡಿಸಿದ ಸೆಟ್ಟಿಂಗ್‌ನಲ್ಲಿ ಅದೇ ಸಪೋರ್ಟ್ ಎರಡೂ ದಿಕ್ಕಿಗೆ ಪೈಪನ್ನು ಹಿಡಿದೇ ಇತ್ತು. ಅದನ್ನು ಕೈಯಾರೆ ತೆಗೆದು ಮತ್ತೆ ಓಡಿಸಿದ ಮೇಲೆ ಎರಡೂ ಉತ್ತರ ಹತ್ತಿರ ಬಂದವು.

ಫ್ರಿಕ್ಷನ್ ಬಗ್ಗೆ ಒಂದೇ ಮಾತು. ಸೀಸರ್‌ನಲ್ಲಿ ಫ್ರಿಕ್ಷನ್ ಸ್ಟಿಫ್‌ನೆಸ್ ಫ್ಯಾಕ್ಟರ್ (ಸಪೋರ್ಟಿನ ಘರ್ಷಣೆ ಪೈಪನ್ನು ಎಷ್ಟು ಹಿಡಿಯುತ್ತದೆ ಎಂಬ ಅಂಕಿ) ಸೊನ್ನೆ ಬಿಟ್ಟರೆ, ಉದ್ದಕ್ಕೆ ಜಾರುವ ಮೋಡ್‌ಗಳು ತೀರಾ ಕಡಿಮೆ ಹರ್ಟ್ಜ್‌ನಲ್ಲಿ ಬರುತ್ತವೆ. ಅವನ್ನು ನೋಡಿ ಹೆದರಬೇಡಿ.

ರೆಸಿಪ್ರೊಕೇಟಿಂಗ್ ಕಂಪ್ರೆಸರುಗಳ ಸ್ಟ್ಯಾಂಡರ್ಡ್ ಆದ ಎಪಿಐ 618 ಪ್ರಕಾರ ಇಂಥ ಲೈನಿನ ಕಂಪನ ಕಂಪ್ರೆಸರ್ ವೇಗದ 2.4 ಪಟ್ಟಿಗಿಂತ ಮೇಲಿರಬೇಕು. ನಮಗೆ ಅದು 30 ಹರ್ಟ್ಜ್. ಸ್ಪ್ಯಾನನ್ನು 3.6 ಮೀಟರಿಗೆ ಇಳಿಸಿ, ಪೈಪ್ ಏಳದಂತೆ ಕ್ಲ್ಯಾಂಪ್ ಹಾಕಿದೆವು. ಮತ್ತೆ ಓಡಿಸಿದರೆ ಸ್ಪ್ಯಾನಿನ ಮೋಡೇ ಕಾಣೆ! ಭೂಕಂಪದ ಲೆಕ್ಕದಿಂದ ಬಂದ 33 ಹರ್ಟ್ಜ್ ಕಟ್‌ಆಫ್ ಹಾಗೇ ಇತ್ತು. 100ಕ್ಕೆ ಏರಿಸಿದ ಮೇಲೆ 34 ದಾಟಿದ ಮೋಡ್ ಎರಡರಲ್ಲೂ ಕಾಣಿಸಿತು. ಕ್ಲ್ಯಾಂಪ್ ಜಾಸ್ತಿಯಾದಷ್ಟೂ ಪೈಪ್ ಹಿಗ್ಗಲು ಜಾಗ ಕಡಿಮೆ. ಅದಕ್ಕೇ ಥರ್ಮಲ್ ಕೇಸನ್ನು ಮತ್ತೆ ಓಡಿಸಿ, ನಾಝಲ್ ಲೋಡ್ ನೋಡಿಕೊಂಡೇ ಡ್ರಾಯಿಂಗ್ ಕಳಿಸಿದೆವು.